ಮೂತ್ರಪಿಂಡದ ಅಪಧಮನಿ ಕಿರಿದಾದಾಗ: ಸಿ.ಟಿ. ಚಿತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೂತ್ರಪಿಂಡಕ್ಕೆ ರಕ್ತ ಒಯ್ಯುವ ಅಪಧಮನಿ ನಿಧಾನವಾಗಿ ಕಿರಿದಾಗುತ್ತಾ ಬಂದಾಗ ಸಾಮಾನ್ಯವಾಗಿ ಬೆನ್ನು ನೋಯುವುದಿಲ್ಲ, ಮೂತ್ರದ ಬಣ್ಣ ಬದಲಾಗುವುದಿಲ್ಲ, ಉರಿಯೂ ಇರುವುದಿಲ್ಲ. ಏರುವುದು ರಕ್ತದೊತ್ತಡ ಮಾತ್ರ. ಆ ಏರಿಕೆಯೂ ಹೊರನೋಟಕ್ಕೆ ಎಲ್ಲರಿಗೂ ಬರುವ ಬಿ.ಪಿ.ಯಂತೆಯೇ ಕಾಣುವುದರಿಂದ, ಒಂದು ಗುಳಿಗೆ ಎರಡಾಗಿ, ಎರಡು ಮೂರಾಗಿ, ವರ್ಷಗಳು ಉರುಳಿದ ಮೇಲೆ ಯಾರೋ ಒಬ್ಬ ವೈದ್ಯರು ‘ಇದರ ಮೂಲ ಬೇರೆಲ್ಲಾದರೂ ಇದೆಯೇ’ ಎಂದು ಯೋಚಿಸುವ ಹೊತ್ತಿಗೆ ಆ ಕಡೆಯ ಮೂತ್ರಪಿಂಡ ಸೊರಗಿ ಚಿಕ್ಕದಾಗಿರುವುದೂ ಉಂಟು. ಆ ಯೋಚನೆ ಬಂದ ಕೂಡಲೇ ಬರೆದುಕೊಡುವ ಪರೀಕ್ಷೆಗಳಲ್ಲಿ ಮುಖ್ಯವಾದದ್ದು ಸಿ.ಟಿ. ಆ್ಯಂಜಿಯೋಗ್ರಾಮ್, ಅಂದರೆ ದೇಹವನ್ನು ಹೋಳುಹೋಳಾಗಿ ತೋರಿಸುವ ಕ್ಷ-ಕಿರಣ ಯಂತ್ರದಿಂದ ತೆಗೆದ ರಕ್ತನಾಳಗಳ ಚಿತ್ರ. ಅದು ಕೊಡುವ ಚಿತ್ರ ಎಷ್ಟು ಸ್ಪಷ್ಟವೆಂದರೆ, ಅದನ್ನು ನೋಡಿದವರಿಗೆ ಎಲ್ಲವೂ ತಿಳಿದುಹೋಯಿತು ಎನ್ನಿಸಿಬಿಡುತ್ತದೆ. ಆ ಸ್ಪಷ್ಟತೆ ಹೇಗೆ ಬರುತ್ತದೆ, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗಿದೆ, ಏಕೆಂದರೆ ನಾಳ ಎಷ್ಟು ಕಿರಿದಾಗಿದೆ ಎಂಬ ಪ್ರಶ್ನೆಯೂ ಆ ಕಿರಿದಾಗುವಿಕೆಯಿಂದ ಮೂತ್ರಪಿಂಡಕ್ಕೆ ಏನಾಗಿದೆ ಎಂಬ ಪ್ರಶ್ನೆಯೂ ಬೇರೆ ಬೇರೆ.

ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗ, ಅಂದರೆ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು, ಮುಷ್ಟಿಗಾತ್ರದ ಈ ಎರಡು ಅಂಗಗಳಿಗೆ ಹೋಗುತ್ತದೆ. ಅಷ್ಟು ರಕ್ತ ಅವುಗಳ ಹೊಟ್ಟೆಪಾಡಿಗೆ ಬೇಕಾದದ್ದಲ್ಲ, ಸೋಸುವ ಕೆಲಸಕ್ಕೆ ಬೇಕಾದದ್ದು. ಹೊಟ್ಟೆಯ ಹಿಂಭಾಗದಲ್ಲಿ, ಸೊಂಟದ ಮೊದಲನೆಯ ಮತ್ತು ಎರಡನೆಯ ಕಶೇರುಗಳ ಮಟ್ಟದಲ್ಲಿ ಮಹಾಪಧಮನಿಯಿಂದ ಎಡಕ್ಕೊಂದು ಬಲಕ್ಕೊಂದು ಕವಲು ಒಡೆದು, ಸುಮಾರು 5ರಿಂದ 6 ಮಿಲಿಮೀಟರ್ ಅಗಲದ ನಾಳಗಳಾಗಿ ಅವು ಮೂತ್ರಪಿಂಡವನ್ನು ಸೇರುತ್ತವೆ. ಕಡೆಗೊಂದೇ ನಾಳ ಎಂಬುದು ಪಠ್ಯಪುಸ್ತಕದ ಮಾತು. ನೂರರಲ್ಲಿ ಇಪ್ಪತ್ತೈದು ಮೂವತ್ತು ಜನರಲ್ಲಿ ಒಂದಾದರೂ ಹೆಚ್ಚುವರಿ ನಾಳ ಇರುತ್ತದೆ, ಮತ್ತು ಕಿರಿದಾದದ್ದು ಆ ಚಿಕ್ಕ ಹೆಚ್ಚುವರಿ ನಾಳವೇ ಆಗಿರಲೂಬಹುದು.

ಮೂತ್ರಪಿಂಡದೊಳಗೆ, ರಕ್ತ ಸೋಸುವ ಜಾಲರಿಯ ಬಾಗಿಲಲ್ಲೇ, ರಕ್ತದ ಒತ್ತಡವನ್ನು ಅಳೆಯುವ ಕೋಶಗಳಿವೆ. ಒತ್ತಡ ತಗ್ಗಿತೆಂದು ಅನ್ನಿಸಿದ ಕೂಡಲೇ ಅವು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ. ರೆನಿನ್‌ನಿಂದ ಆಂಜಿಯೋಟೆನ್ಸಿನ್ ಹುಟ್ಟಿ ಇಡೀ ದೇಹದ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಅಲ್ಡೋಸ್ಟಿರೋನ್ ಎಂಬ ಹಾರ್ಮೋನು ಹೆಚ್ಚಿ ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ರಕ್ತಸ್ರಾವವಾದಾಗ ಜೀವ ಉಳಿಸುವ ಏರ್ಪಾಡು ಇದು. ಆದರೆ ಒತ್ತಡ ತಗ್ಗಿರುವುದು ದೇಹದಲ್ಲೆಲ್ಲ ಅಲ್ಲ, ಕಿರಿದಾದ ನಾಳದ ಆಚೆ ಬದಿಯಲ್ಲಿ ಮಾತ್ರ ಎಂಬುದು ಆ ಕೋಶಗಳಿಗೆ ತಿಳಿಯುವ ದಾರಿಯಿಲ್ಲ. ಉಪಕಾಲುವೆಯಲ್ಲಿ ಹೂಳು ತುಂಬಿ ಕೊನೆಯಂಚಿನ ಹೊಲಕ್ಕೆ ನೀರು ಬಾರದಿದ್ದಾಗ, ಹೂಳು ತೆಗೆಯುವ ಬದಲು ಅಣೆಕಟ್ಟೆಯಿಂದಲೇ ಇನ್ನಷ್ಟು ನೀರು ಬಿಡಿಸಿದರೆ ಮೇಲಿನ ಹೊಲಗಳೆಲ್ಲ ಮುಳುಗುತ್ತವೆ. ಇಲ್ಲಿ ಮುಳುಗುವುದು ಹೃದಯ, ಮಿದುಳು, ಕಣ್ಣು, ಮತ್ತು ಇನ್ನೂ ಆರೋಗ್ಯವಾಗಿರುವ ಎದುರು ಬದಿಯ ಮೂತ್ರಪಿಂಡ.

ರೆನಿನ್ ಅನ್ನು 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ಟಿಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಮೊಲದ ಮೂತ್ರಪಿಂಡದ ಸಾರದಲ್ಲಿ ಗುರುತಿಸಿದ್ದರು. ಅದು ಬಹುಕಾಲ ಯಾರ ಗಮನಕ್ಕೂ ಬೀಳದೆ ಉಳಿದಿತ್ತು. 1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಹ್ಯಾರಿ ಗೋಲ್ಡ್‌ಬ್ಲಾಟ್ ಎಂಬ ರೋಗವಿಜ್ಞಾನಿ ನಾಯಿಗಳ ಮೂತ್ರಪಿಂಡದ ಅಪಧಮನಿಗಳಿಗೆ ಬೆಳ್ಳಿಯ ಚಿಕ್ಕ ಕ್ಲ್ಯಾಂಪ್ ತೊಡಿಸಿ ಬಿಗಿಮಾಡಿದಾಗ ಅವುಗಳ ರಕ್ತದೊತ್ತಡ ಏರಿ ಅಲ್ಲಿಯೇ ನಿಂತಿತು. ರಕ್ತದೊತ್ತಡ ಏರುವುದರಿಂದ ಮೂತ್ರಪಿಂಡ ಕೆಡುತ್ತದೆ ಎಂಬುದಷ್ಟೇ ಅಲ್ಲ, ಮೂತ್ರಪಿಂಡದ ರಕ್ತ ಕಡಿಮೆಯಾದರೂ ರಕ್ತದೊತ್ತಡ ಏರುತ್ತದೆ ಎಂಬುದು ಹೀಗೆ ಖಚಿತವಾಯಿತು.

ಕಿರಿದಾಗುವುದಕ್ಕೆ ಕಾರಣಗಳು ಮುಖ್ಯವಾಗಿ ಮೂರು, ಮತ್ತು ಅವುಗಳ ಗುರುತು ಚಿತ್ರದಲ್ಲಿ ಬೇರೆ ಬೇರೆಯಾಗಿಯೇ ಕಾಣುತ್ತದೆ. ವಯಸ್ಸಾದವರಲ್ಲಿ, ಧೂಮಪಾನಿಗಳಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಕೊಬ್ಬು ಮತ್ತು ಸುಣ್ಣ ಸೇರಿದ ಗಂಟು, ಅಂದರೆ ಪ್ಲಾಕ್, ನಾಳದ ಬುಡದಲ್ಲೇ, ಮಹಾಪಧಮನಿಯಿಂದ ಕವಲೊಡೆಯುವ ಜಾಗದಲ್ಲಿ ಕಟ್ಟಿಕೊಳ್ಳುತ್ತದೆ. ನಡುವಯಸ್ಸಿನ ಮತ್ತು ಅದಕ್ಕಿಂತ ಕಿರಿಯ ಮಹಿಳೆಯರಲ್ಲಿ ಹೆಚ್ಚಾಗಿ ಕಾಣುವ ಫೈಬ್ರೋಮಸ್ಕ್ಯುಲರ್ ಡಿಸ್ಪ್ಲೇಸಿಯಾ ಎಂಬ ಕಾಯಿಲೆ ಬುಡವನ್ನು ಬಿಟ್ಟು ನಾಳದ ನಡುಭಾಗವನ್ನೂ ತುದಿಯನ್ನೂ ಹಿಡಿಯುತ್ತದೆ. ಅಲ್ಲಿ ನಾಳ ಒಮ್ಮೆ ಕಿರಿದಾಗಿ ಒಮ್ಮೆ ಉಬ್ಬಿ ಮಣಿಸರದಂತೆ ಕಾಣುತ್ತದೆ.

ಮೂರನೆಯದು ತಕಾಯಾಸು ಅಪಧಮನಿ ಉರಿಯೂತ. 1908ರಲ್ಲಿ ಜಪಾನಿನ ನೇತ್ರವೈದ್ಯ ಮಿಕಿಟೊ ತಕಾಯಾಸು ಒಬ್ಬ ಯುವತಿಯ ಕಣ್ಣಿನ ಒಳಪರದೆಯ ರಕ್ತನಾಳಗಳಲ್ಲಿ ಕಂಡ ವಿಚಿತ್ರ ಬದಲಾವಣೆಯನ್ನು ವರದಿ ಮಾಡಿದ್ದರಿಂದ ಈ ಹೆಸರು ಬಂತು. ಪಶ್ಚಿಮದ ಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಒಂದು ಚಿಕ್ಕ ಟಿಪ್ಪಣಿ. ಭಾರತದಲ್ಲಿ ಹಾಗಲ್ಲ. ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳಿಗೆ ತಲೆನೋವೆಂದು ತೋರಿಸಲು ಹೋದಾಗ 190ರಷ್ಟು ರಕ್ತದೊತ್ತಡ ಸಿಕ್ಕಿದರೆ, ಒಂದು ತೋಳಿನಲ್ಲಿ ನಾಡಿ ಸರಿಯಾಗಿ ಸಿಗದಿದ್ದರೆ, ನಮ್ಮ ವೈದ್ಯರು ಮೊದಲು ನೆನೆಯಬೇಕಾದ ಹೆಸರು ಇದೇ. ಇಲ್ಲಿ ಕಾಯಿಲೆ ಇರುವುದು ನಾಳದ ಒಳಗಿನ ಕೊಬ್ಬಿನಲ್ಲಿ ಅಲ್ಲ, ನಾಳದ ಗೋಡೆಯಲ್ಲಿ. ಮಹಾಪಧಮನಿಯ ಗೋಡೆ ಉರಿಯೂತದಿಂದ ದಪ್ಪವಾಗುತ್ತದೆ, ಅದರೊಂದಿಗೆ ಕವಲುಗಳ ಬಾಯಿಯೂ ಮುಚ್ಚುತ್ತಾ ಬರುತ್ತದೆ.

ಸಿ.ಟಿ.ಯ ನಿಜವಾದ ಹೆಚ್ಚುಗಾರಿಕೆ ನನ್ನ ದೃಷ್ಟಿಯಲ್ಲಿ ಇಲ್ಲಿಯೇ ಇದೆ. 1929ರಲ್ಲಿ ಲಿಸ್ಬನ್ನಿನಲ್ಲಿ ರೆನಾಲ್ಡೊ ದೊಸ್ ಸಾಂಟೊಸ್ ಬೆನ್ನಿನಿಂದ ಸೂಜಿ ಚುಚ್ಚಿ ಮಹಾಪಧಮನಿಯ ಚಿತ್ರ ತೆಗೆದಂದಿನಿಂದ, 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ತೊಡೆಯ ನಾಳದ ಮೂಲಕ ತಂತಿಯ ಮೇಲೆ ಕ್ಯಾಥೆಟರ್ ಎಂಬ ತೆಳು ಕೊಳವೆ ತೂರಿಸುವ ವಿಧಾನ ತೋರಿಸಿಕೊಟ್ಟು, ಇಂದಿನ ಕ್ಯಾಥ್ ಲ್ಯಾಬ್‌ವರೆಗೆ ಬಂದರೂ, ಕ್ಯಾಥೆಟರ್ ಆ್ಯಂಜಿಯೋಗ್ರಾಮ್ ಕಾಣಿಸುವುದು ನಾಳದೊಳಗೆ ರಕ್ತ ಹರಿಯುವ ಜಾಗವನ್ನು ಮಾತ್ರ. ಕೊಳವೆಯ ಒಳಗಿನ ನೀರಿನ ಆಕಾರ ತಿಳಿಯುತ್ತದೆ, ಕೊಳವೆಯ ಗೋಡೆ ಎಷ್ಟು ದಪ್ಪವಾಗಿದೆ ಎಂದು ತಿಳಿಯುವುದಿಲ್ಲ. ಸಿ.ಟಿ. ಅಡ್ಡಕೊಯ್ತದ ಚಿತ್ರವಾದ್ದರಿಂದ ನಾಳದ ಒಳಗೂ ಗೋಡೆಯೂ ಸುತ್ತಲಿನ ಅಂಗಗಳೂ ಒಟ್ಟಿಗೆ ಕಾಣುತ್ತವೆ. ನಾಳ ಇನ್ನೂ ಕಿರಿದಾಗುವ ಮುಂಚೆಯೇ ಗೋಡೆ ದಪ್ಪವಾಗಿರುವುದು ಗೊತ್ತಾದರೆ, ಉರಿಯೂತಕ್ಕೆ ಔಷಧಿ ಕೊಡುವ ಕಾಲದಲ್ಲೇ ಕೊಡಬಹುದು.

ಎಲ್ಲ ಬಿ.ಪಿ. ರೋಗಿಗಳಿಗೂ ಈ ಪರೀಕ್ಷೆ ಬೇಕಿಲ್ಲ, ಮಾಡಿಸಲೂಬಾರದು. ಮೂವತ್ತು ವರ್ಷದೊಳಗೆ ಶುರುವಾದ ತೀವ್ರ ರಕ್ತದೊತ್ತಡ, ಮೂತ್ರ ಹೋಗಿಸುವ ಗುಳಿಗೆಯೂ ಸೇರಿ ಮೂರು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಬಗ್ಗದ ರಕ್ತದೊತ್ತಡ, ಹೃದಯದ ಬಡಿತ ಚೆನ್ನಾಗಿದ್ದರೂ ಇದ್ದಕ್ಕಿದ್ದಂತೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು, ಸ್ಕ್ಯಾನಿನಲ್ಲಿ ಎರಡು ಮೂತ್ರಪಿಂಡಗಳ ಉದ್ದದಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟಾಗ ಕೇಳುವ ‘ಹುಸ್’ ಎಂಬ ಸದ್ದು, ಇವು ಸಂಶಯಕ್ಕೆ ದಾರಿಮಾಡುವ ಸೂಚನೆಗಳು.

ಇನ್ನೊಂದು ಸೂಚನೆಗೆ ಸ್ವಲ್ಪ ವಿವರಣೆ ಬೇಕು. ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್ ಮುಂತಾದ ಬಿ.ಪಿ. ಗುಳಿಗೆಗಳನ್ನು ಶುರುಮಾಡಿದ ಮೇಲೆ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ) ಶೇಕಡ 30ಕ್ಕಿಂತ ಹೆಚ್ಚು ಏರಿದರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ನಾಳ ಕಿರಿದಾದ ಮೂತ್ರಪಿಂಡ ತನ್ನ ಸೋಸುವ ಜಾಲರಿಯಲ್ಲಿ ಒತ್ತಡ ಉಳಿಸಿಕೊಳ್ಳುವುದು ಜಾಲರಿಯಿಂದ ಹೊರಹೋಗುವ ಚಿಕ್ಕ ನಾಳವನ್ನು ಆಂಜಿಯೋಟೆನ್ಸಿನ್ ಸಹಾಯದಿಂದ ಬಿಗಿಹಿಡಿದು. ಈ ಗುಳಿಗೆಗಳು ಆ ಹಿಡಿತವನ್ನೇ ಸಡಿಲಿಸುತ್ತವೆ. ಎರಡೂ ಕಡೆಯ ನಾಳ ಕಿರಿದಾಗಿದ್ದರೆ, ಅಥವಾ ಇರುವುದೊಂದೇ ಮೂತ್ರಪಿಂಡವಾಗಿ ಅದರ ನಾಳವೇ ಕಿರಿದಾಗಿದ್ದರೆ, ಸೋಸುವಿಕೆ ಕುಸಿದುಬೀಳುತ್ತದೆ. ಹಾಗೆಂದು ಆ ಗುಳಿಗೆಗಳು ಕೆಟ್ಟವೆಂದು ಯಾರೂ ತಾವಾಗಿಯೇ ನಿಲ್ಲಿಸಬಾರದು. ಬಹುತೇಕ ರೋಗಿಗಳಲ್ಲಿ ಹೃದಯವನ್ನೂ ಮೂತ್ರಪಿಂಡವನ್ನೂ ಕಾಯುವ ಔಷಧಿಗಳು ಅವೇ. ಶುರುಮಾಡಿದ ಒಂದೆರಡು ವಾರದೊಳಗೆ ಒಮ್ಮೆ ರಕ್ತಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಹೇಳುವುದರ ಕಾರಣ ಇದು, ಅಷ್ಟೇ.

ಈಗ ಯಂತ್ರದ ವಿಷಯ. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ತಲೆಯ ಚಿತ್ರ ತೆಗೆದಾಗ ಒಂದೊಂದು ಹೋಳಿಗೂ ನಿಮಿಷಗಳೇ ಬೇಕಾಗಿದ್ದವು. ಮಿಡಿಯುವ, ಉಸಿರಿನೊಂದಿಗೆ ಮೇಲೆ ಕೆಳಗೆ ಚಲಿಸುವ ರಕ್ತನಾಳವನ್ನು ಅದು ಹಿಡಿಯುವಂತಿರಲಿಲ್ಲ. ಮೇಜು ನಿಲ್ಲದೆ ಸರಿಯುತ್ತಿರುವಾಗಲೇ ಕಿರಣದ ಕೊಳವೆ ಸುತ್ತುತ್ತಾ ಸುರುಳಿಯಾಕಾರದಲ್ಲಿ ಚಿತ್ರ ತೆಗೆಯುವ ಸ್ಪೈರಲ್ ಸಿ.ಟಿ. 1989ರ ಸುಮಾರಿಗೆ ಬಂತು. 2004ರ ಹೊತ್ತಿಗೆ ಒಂದೇ ಸುತ್ತಿನಲ್ಲಿ 64 ಹೋಳುಗಳನ್ನು ತೆಗೆಯುವ ಯಂತ್ರಗಳು ಬಂದು, ಇಡೀ ಹೊಟ್ಟೆಯನ್ನು ಒಂದು ಉಸಿರು ಹಿಡಿಯುವಷ್ಟರಲ್ಲಿ ಅರ್ಧ ಮಿಲಿಮೀಟರಿನ ಆಸುಪಾಸಿನ ಹೋಳುಗಳಲ್ಲಿ ಸೆರೆಹಿಡಿಯುವುದು ಸಾಧ್ಯವಾಯಿತು. ಹೋಳಿನ ದಪ್ಪ ಹೀಗೆ ಇಳಿದದ್ದು ದೊಡ್ಡ ಬದಲಾವಣೆ: ಚಿತ್ರದ ಒಂದೊಂದು ಕಣವೂ ಉದ್ದ, ಅಗಲ, ಎತ್ತರಗಳಲ್ಲಿ ಹೆಚ್ಚುಕಡಿಮೆ ಸಮವಾದ ಪುಟ್ಟ ಘನವಾದ್ದರಿಂದ, ಅಡ್ಡಲಾಗಿ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಯಾವ ಕೋನದಿಂದ ಕೊಯ್ದು ನೋಡಿದರೂ ಅದು ಹರಿದುಹೋಗುವುದಿಲ್ಲ.

ಸಿ.ಟಿ. ಮೂಲತಃ ಅಳೆಯುವುದು ಯಾವ ಜಾಗ ಎಷ್ಟು ಕ್ಷ-ಕಿರಣವನ್ನು ತಡೆಯುತ್ತದೆ ಎಂಬುದನ್ನು. ಆ ಅಳತೆಗೆ ಹೌನ್ಸ್‌ಫೀಲ್ಡ್ ಮಾನ ಎಂದು ಹೆಸರು: ನೀರಿಗೆ ಸೊನ್ನೆ, ಗಾಳಿಗೆ ಋಣ 1000, ಕೊಬ್ಬಿಗೆ ಋಣ 100ರ ಸುತ್ತಮುತ್ತ, ಹರಿಯುವ ರಕ್ತಕ್ಕೆ 40ರ ಆಸುಪಾಸು. ಸುತ್ತಲಿನ ಮಾಂಸವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಬರಿಯ ಸಿ.ಟಿ.ಯಲ್ಲಿ ನಾಳದ ಒಳಭಾಗ ಎದ್ದು ಕಾಣುವುದಿಲ್ಲ. ಅದಕ್ಕಾಗಿಯೇ ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವವನ್ನು ಮೊಣಕೈಯ ಬಳಿಯ ಅಭಿಧಮನಿಗೆ ಸೆಕೆಂಡಿಗೆ 4ರಿಂದ 5 ಮಿಲಿಲೀಟರ್ ವೇಗದಲ್ಲಿ ಯಂತ್ರದಿಂದ ಹಾಯಿಸುತ್ತಾರೆ. ಆಗ ಮೈಯೆಲ್ಲ ಒಮ್ಮೆ ಬಿಸಿಯಾದಂತೆ ಅನ್ನಿಸುತ್ತದೆ, ಕೆಲವರಿಗೆ ಮೂತ್ರ ಹೋದಂತೆಯೂ ಭಾಸವಾಗುತ್ತದೆ. ಅದು ಕೆಲವೇ ಕ್ಷಣ. ನಾಳದೊಳಗಿನ ಮಾನ ಆಗ 300ರ ಸುತ್ತಮುತ್ತ ಏರಿ, ನಾಳ ಬೆಳ್ಳಗೆ ಹೊಳೆಯುತ್ತದೆ.

ಮೂತ್ರಪಿಂಡದ ಮಟ್ಟಿಗೆ ಈ ಹೊಳಪಿನ ಅವಧಿ ಬಹಳ ಚಿಕ್ಕದು. ಮೂತ್ರಪಿಂಡದ ಮೂಲಕ ರಕ್ತ ಅತಿವೇಗವಾಗಿ ಹರಿಯುವುದರಿಂದ, ಅಪಧಮನಿ ಹೊಳೆದ ಕೆಲವೇ ಸೆಕೆಂಡುಗಳಲ್ಲಿ ಅಭಿಧಮನಿಯೂ ಹೊಳೆಯತೊಡಗುತ್ತದೆ. ಎರಡೂ ಪಕ್ಕಪಕ್ಕದಲ್ಲೇ ಇರುವುದರಿಂದ, ಬಲಗಡೆಯ ಅಪಧಮನಿಯಂತೂ ಕೆಳ ಮಹಾಭಿಧಮನಿಯ ಹಿಂದಿನಿಂದಲೇ ಹಾದುಹೋಗುವುದರಿಂದ, ಸ್ವಲ್ಪ ತಡವಾದರೂ ಒಂದರ ಬೆಳಕಿನಲ್ಲಿ ಇನ್ನೊಂದು ಮಸುಕಾಗುತ್ತದೆ. ಗಡಿಯಾರ ನೋಡಿ ‘ಇಷ್ಟು ಸೆಕೆಂಡಿಗೆ ಶುರುಮಾಡು’ ಎಂದು ನಿಗದಿಮಾಡಿದರೆ, ಹೃದಯ ದುರ್ಬಲವಾಗಿ ರಕ್ತ ನಿಧಾನವಾಗಿ ಹರಿಯುವ ರೋಗಿಯಲ್ಲಿ ಕಾಂಟ್ರಾಸ್ಟ್ ಇನ್ನೂ ಬಂದೇ ಇರುವುದಿಲ್ಲ. ಆದ್ದರಿಂದ ಯಂತ್ರ ಮಹಾಪಧಮನಿಯ ಒಂದು ಬಿಂದುವನ್ನು ಕ್ಷಣಕ್ಷಣಕ್ಕೂ ನೋಡುತ್ತಾ, ಅಲ್ಲಿನ ಮಾನ ನಿಗದಿತ ಮಟ್ಟ ಮುಟ್ಟಿದ ಕೂಡಲೇ ತಾನೇ ಸ್ಕ್ಯಾನ್ ಶುರುಮಾಡುತ್ತದೆ. ‘ಉಸಿರು ಹಿಡಿಯಿರಿ’ ಎಂಬ ಸೂಚನೆ ಬರುವುದು ಆಗಲೇ. ಆ ಹತ್ತಾರು ಸೆಕೆಂಡು ಅಲುಗಾಡದೆ ಇರುವುದರಲ್ಲಿ ರೋಗಿಯ ಪಾಲು ಎಷ್ಟು ದೊಡ್ಡದೆಂದು ಬಹಳ ಜನರಿಗೆ ಯಾರೂ ಹೇಳಿರುವುದಿಲ್ಲ: ಉಸಿರಾಡಿದರೆ ಮೂತ್ರಪಿಂಡ ಸೆಂಟಿಮೀಟರುಗಳಷ್ಟು ಸರಿಯುತ್ತದೆ, ನೋಡಬೇಕಾದ ನಾಳದ ಅಗಲವೇ ಆರು ಮಿಲಿಮೀಟರ್.

ಸ್ಕ್ಯಾನ್ ಮುಗಿದ ಮೇಲೆ ರೇಡಿಯಾಲಜಿ ವೈದ್ಯರ ಮುಂದೆ ನೂರಾರು ಹೋಳುಗಳಿರುತ್ತವೆ. ಅವುಗಳಿಂದ ಕಟ್ಟಿದ, ಕೆಂಪು ಬಣ್ಣದ ನಾಳಗಳೂ ಕಂದು ಮೂತ್ರಪಿಂಡಗಳೂ ಇರುವ ಮೂರು ಆಯಾಮದ ಚಿತ್ರವೇ ರೋಗಿಯ ಕೈಗೆ ಸಿಗುವ ಫಿಲ್ಮಿನಲ್ಲಿ ಎದ್ದು ಕಾಣುತ್ತದೆ. ಅದು ನಾಳಗಳ ದಾರಿಯನ್ನು, ಹೆಚ್ಚುವರಿ ಕವಲುಗಳನ್ನು ತೋರಿಸಲು ಬಹಳ ಒಳ್ಳೆಯದು. ಮೂತ್ರಪಿಂಡ ದಾನ ಮಾಡುವವರಲ್ಲಿ ಯಾವ ಕಡೆಯದನ್ನು ತೆಗೆಯಬೇಕೆಂದು ಶಸ್ತ್ರವೈದ್ಯರು ತೀರ್ಮಾನಿಸುವುದಕ್ಕೆ ಅದು ಅಮೂಲ್ಯ. ಆದರೆ ನಾಳ ಎಷ್ಟು ಕಿರಿದಾಗಿದೆ ಎಂದು ಅಳೆಯಲು ಆ ಚಿತ್ರವನ್ನು ನಂಬಬಾರದು, ಏಕೆಂದರೆ ಯಾವ ಮಾನಕ್ಕಿಂತ ಮೇಲಿನದನ್ನು ‘ನಾಳ’ ಎಂದು ಬಣ್ಣ ಹಚ್ಚಬೇಕೆಂಬ ಆಯ್ಕೆಯನ್ನು ಸ್ವಲ್ಪ ಬದಲಿಸಿದರೂ ನಾಳದ ಅಗಲ ಬದಲಾಗುತ್ತದೆ. ಅಳತೆ ನಡೆಯುವುದು ಬೂದುಬಣ್ಣದ ತೆಳುಹೋಳುಗಳಲ್ಲಿ, ನಾಳದ ದಾರಿಗೆ ನೇರವಾಗಿ ಅಡ್ಡವಾಗಿ ಕೊಯ್ದ ಚಿತ್ರಗಳಲ್ಲಿ.

ಅಲ್ಲಿಯೂ ಎರಡು ತೊಡಕುಗಳಿವೆ. ಮೊದಲನೆಯದು ಸುಣ್ಣ. ಪ್ಲಾಕಿನಲ್ಲಿನ ಕ್ಯಾಲ್ಸಿಯಂ ಕ್ಷ-ಕಿರಣವನ್ನು ಬಲವಾಗಿ ತಡೆಯುವುದರಿಂದ ಅದರ ಬೆಳಕು ತನ್ನ ನಿಜವಾದ ಗಾತ್ರವನ್ನು ಮೀರಿ ಚಿತ್ರದಲ್ಲಿ ಹರಡಿಕೊಳ್ಳುತ್ತದೆ. ಮಂಜಿನ ರಾತ್ರಿ ಬೀದಿದೀಪದ ಸುತ್ತ ಪ್ರಭೆ ಹರಡಿದ ಹಾಗೆ. ಅರ್ಧ ಮುಚ್ಚಿದ ನಾಳ ಮುಕ್ಕಾಲು ಮುಚ್ಚಿದಂತೆ ಕಾಣುವುದು ಹೀಗೆ. ಎರಡನೆಯದು ಅಂಕಗಣಿತದ್ದೇ ತೊಡಕು. ಆರು ಮಿಲಿಮೀಟರಿನ ನಾಳದಲ್ಲಿ ಉಳಿದಿರುವ ದಾರಿ ಎರಡು ಮಿಲಿಮೀಟರ್ ಎಂದು ಅಳೆದರೆ ಕಿರಿದಾಗುವಿಕೆ ಶೇಕಡ 67. ಒಂದೂವರೆ ಎಂದು ಅಳೆದರೆ ಶೇಕಡ 75. ನಡುವಿನ ವ್ಯತ್ಯಾಸ ಚಿತ್ರದ ಒಂದು ಕಣದಷ್ಟು. ಒಬ್ಬ ರೋಗಿಗೆ ಸ್ಟೆಂಟ್, ಅಂದರೆ ನಾಳವನ್ನು ಅಗಲವಾಗಿ ಹಿಡಿದಿಡುವ ಲೋಹದ ಜಾಲರಿ, ಬೇಕೇ ಬೇಡವೇ ಎಂಬ ಚರ್ಚೆ ಶೇಕಡ 70ರ ಸುತ್ತ ನಡೆಯುವಾಗ ಈ ಒಂದು ಕಣದ ಬೆಲೆ ಏನೆಂದು ಯೋಚಿಸಬೇಕು. ಇದರ ಮೇಲೆ, ಕೆಲವು ವರದಿಗಳು ಅಗಲದ ಲೆಕ್ಕದಲ್ಲಿ, ಕೆಲವು ಅಡ್ಡಕೊಯ್ತದ ವಿಸ್ತೀರ್ಣದ ಲೆಕ್ಕದಲ್ಲಿ ಶೇಕಡವನ್ನು ಕೊಡುತ್ತವೆ. ಅಗಲ ಅರ್ಧಕ್ಕಿಳಿದರೆ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುವುದರಿಂದ, ಶೇಕಡ 50 ಎಂಬುದೂ ಶೇಕಡ 75 ಎಂಬುದೂ ಒಂದೇ ನಾಳದ ವರ್ಣನೆಯಾಗಿರಬಹುದು. ಯಾವ ಲೆಕ್ಕ ಎಂದು ಬರೆಯದ ವರದಿ ಅಪೂರ್ಣ ವರದಿ.

2004ರಲ್ಲಿ ನೆದರ್ಲೆಂಡ್ಸಿನ ಹಲವು ಆಸ್ಪತ್ರೆಗಳು ಸೇರಿ 356 ರೋಗಿಗಳಲ್ಲಿ ಸಿ.ಟಿ., ಎಂ.ಆರ್. (ಕ್ಷ-ಕಿರಣದ ಬದಲು ಕಾಂತಶಕ್ತಿಯಿಂದ ಚಿತ್ರ ತೆಗೆಯುವ ವಿಧಾನ) ಮತ್ತು ಕ್ಯಾಥೆಟರ್ ಆ್ಯಂಜಿಯೋಗ್ರಾಮುಗಳನ್ನು ಹೋಲಿಸಿ ನೋಡಿದ ಅಧ್ಯಯನ ಈ ಎಚ್ಚರಿಕೆಯನ್ನು ಅಂಕಿಗಳಲ್ಲಿ ಹೇಳಿತು. ಅದಕ್ಕೆ ಮುಂಚಿನ ಚಿಕ್ಕ ಅಧ್ಯಯನಗಳು ಸಿ.ಟಿ. ಬಹುಮಟ್ಟಿಗೆ ತಪ್ಪುವುದೇ ಇಲ್ಲ ಎನ್ನುವಂತಿದ್ದವು. ಈ ಅಧ್ಯಯನದಲ್ಲಿ ಕಿರಿದಾದ ನಾಳವಿದ್ದ ನೂರು ರೋಗಿಗಳಲ್ಲಿ 64 ಮಂದಿಯನ್ನು ಮಾತ್ರ ಸಿ.ಟಿ. ಗುರುತಿಸಿದಂತಾಯಿತು, ಕಾಯಿಲೆ ಇಲ್ಲದವರನ್ನು ಇಲ್ಲವೆಂದು ಹೇಳುವುದರಲ್ಲಿ ಅದು ನೂರಕ್ಕೆ 92ರಷ್ಟು ಸರಿಯಿತ್ತು. ಆಗಿನ ಯಂತ್ರಗಳು ಇಂದಿನಷ್ಟು ಸೂಕ್ಷ್ಮವಾಗಿರಲಿಲ್ಲ ಎಂಬುದು ನಿಜ, ಆ ಅಂಕಿಯನ್ನು ಇಂದಿನ ಯಂತ್ರಗಳಿಗೆ ಹಾಗೆಯೇ ಹಚ್ಚುವುದು ನ್ಯಾಯವಲ್ಲ. ಆದರೂ ಮಣಿಸರದ ಕಾಯಿಲೆಯಲ್ಲಿ ನಾಳದೊಳಗೆ ಬೆಳೆಯುವ ಕೂದಲೆಳೆಯಂಥ ಪೊರೆಗಳು ಇಂದಿಗೂ ಸಿ.ಟಿ.ಯ ಕಣ್ಣು ತಪ್ಪಿಸಬಲ್ಲವು. ಸಂಶಯ ಬಲವಾಗಿದ್ದು ಸಿ.ಟಿ. ‘ಸರಿಯಿದೆ’ ಎಂದಾಗ ವೈದ್ಯರು ಮತ್ತೊಂದು ಪರೀಕ್ಷೆ ಹೇಳಿದರೆ ಅದು ದುಡ್ಡಿನ ಆಸೆಯಿಂದಲೇ ಎಂದು ತಿಳಿಯಬೇಕಾಗಿಲ್ಲ.

ಈ ತೊಡಕುಗಳಿಗೆ ಉತ್ತರವಾಗಿ ಬಂದವೇ ಮುಂದುವರಿದ ಸಿ.ಟಿ. ತಂತ್ರಗಳು. ಎರಡು ಶಕ್ತಿಯ ಸಿ.ಟಿ., ಅಂದರೆ ಡ್ಯುಯಲ್ ಎನರ್ಜಿ ಸಿ.ಟಿ., ಒಂದೇ ಜಾಗವನ್ನು ಕಡಿಮೆ ಮತ್ತು ಹೆಚ್ಚು ಶಕ್ತಿಯ ಎರಡು ಬಗೆಯ ಕ್ಷ-ಕಿರಣಗಳಿಂದ ನೋಡುತ್ತದೆ. ಅಯೋಡಿನ್ ಮತ್ತು ಕ್ಯಾಲ್ಸಿಯಂ ಎರಡೂ ಸಾಮಾನ್ಯ ಸಿ.ಟಿ.ಯಲ್ಲಿ ಬಿಳಿಯಾಗಿಯೇ ಕಂಡರೂ, ಕಿರಣದ ಶಕ್ತಿ ಬದಲಾದಾಗ ಅವು ತಡೆಯುವ ಪ್ರಮಾಣ ಒಂದೇ ರೀತಿ ಬದಲಾಗುವುದಿಲ್ಲ. 33 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಲ್ಲಿ ಅಯೋಡಿನ್ ಕಿರಣವನ್ನು ಹೀರುವುದು ಥಟ್ಟನೆ ಏರುತ್ತದೆ. ಕ್ಯಾಲ್ಸಿಯಂಗೆ ಅಲ್ಲಿ ಅಂಥ ಜಿಗಿತವಿಲ್ಲ. ಈ ವ್ಯತ್ಯಾಸದಿಂದ ಕಂಪ್ಯೂಟರ್ ಒಂದೊಂದು ಕಣದಲ್ಲೂ ಎಷ್ಟು ಅಯೋಡಿನ್, ಎಷ್ಟು ಸುಣ್ಣ ಎಂದು ಬೇರ್ಪಡಿಸಿ, ಸುಣ್ಣವನ್ನು ಚಿತ್ರದಿಂದ ಕಳೆದು, ಅದರ ಹಿಂದೆ ಅಡಗಿದ್ದ ದಾರಿಯನ್ನು ತೋರಿಸಲು ಪ್ರಯತ್ನಿಸುತ್ತದೆ. ಕಡಿಮೆ ಶಕ್ತಿಯಲ್ಲಿ ಅಯೋಡಿನ್ ಹೆಚ್ಚು ಹೊಳೆಯುವುದರಿಂದ ಕಡಿಮೆ ಕಾಂಟ್ರಾಸ್ಟಿನಲ್ಲೇ ಚಿತ್ರ ತೆಗೆಯಬಹುದು. ಮೂತ್ರಪಿಂಡವೇ ಸೊರಗಿರುವ ರೋಗಿಗೆ ಇದು ಸಣ್ಣ ಉಪಕಾರವಲ್ಲ.

ಇನ್ನೂ ಹೊಸದು ಕ್ಷ-ಕಿರಣದ ಬಿಡಿಬಿಡಿ ತುಣುಕುಗಳನ್ನು, ಅಂದರೆ ಫೋಟಾನುಗಳನ್ನು, ಎಣಿಸುವ ಸಿ.ಟಿ. ಇಂಥ ಮೊದಲ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಅನುಮತಿ ಕೊಟ್ಟಿತು. ಹಳೆಯ ಯಂತ್ರಗಳಲ್ಲಿ ಕ್ಷ-ಕಿರಣ ಮೊದಲು ಬೆಳಕಾಗಿ, ಬೆಳಕು ವಿದ್ಯುತ್ತಾಗಿ ಬದಲಾಗುತ್ತದೆ. ಬೆಳಕು ಪಕ್ಕಕ್ಕೆ ಚೆಲ್ಲದಂತೆ ಕಿರಣ ಹಿಡಿಯುವ ಬಿಲ್ಲೆಗಳ ನಡುವೆ ಗೋಡೆ ಇಡಬೇಕಾಗುವುದರಿಂದ ಅವುಗಳನ್ನು ಬಹಳ ಚಿಕ್ಕದು ಮಾಡುವಂತಿಲ್ಲ. ಹೊಸ ಯಂತ್ರದಲ್ಲಿ ಕ್ಯಾಡ್ಮಿಯಂ ಟೆಲ್ಯುರೈಡ್ ಎಂಬ ಅರೆವಾಹಕ ಒಂದೊಂದು ಫೋಟಾನನ್ನೂ ನೇರವಾಗಿ ವಿದ್ಯುತ್ ಮಿಡಿತವಾಗಿಸಿ, ಎಣಿಸಿ, ಅದರ ಶಕ್ತಿಯನ್ನೂ ಗುರುತಿಸಿಕೊಳ್ಳುತ್ತದೆ. 0.2 ಮಿಲಿಮೀಟರಿನಷ್ಟು ತೆಳು ಹೋಳು ಸಾಧ್ಯವಾಗಿರುವುದು ಹೀಗೆ. ಸುಣ್ಣದ ಪ್ರಭೆ ಕುಗ್ಗುತ್ತದೆ, ಸ್ಟೆಂಟಿನ ಲೋಹದ ಜಾಲರಿಯ ಒಳಗೂ ದಾರಿ ಕಾಣುತ್ತದೆ. ಮೇಲೆ ಹೇಳಿದ ಒಂದು ಕಣದ ಲೆಕ್ಕವನ್ನು ಇಟ್ಟುಕೊಂಡು ನೋಡಿದರೆ ಇದರ ಮಹತ್ವ ತಾನಾಗಿಯೇ ತಿಳಿಯುತ್ತದೆ.

ಇಷ್ಟಾದ ಮೇಲೂ ಮೊದಲಿನ ಪ್ರಶ್ನೆ ಉಳಿದೇ ಇದೆ. ಶೇಕಡ 70 ಕಿರಿದಾದ ನಾಳವನ್ನು ಸ್ಟೆಂಟ್ ಹಾಕಿ ಅಗಲಗೊಳಿಸಿದರೆ ರೋಗಿಗೆ ಒಳ್ಳೆಯದಾಗುತ್ತದೆಯೇ? ಆಗಲೇಬೇಕು ಎಂದು ದಶಕಗಳ ಕಾಲ ನಂಬಿದ್ದರು. 2009ರಲ್ಲಿ ಪ್ರಕಟವಾದ, 806 ರೋಗಿಗಳ ಆಸ್ಟ್ರಲ್ ಅಧ್ಯಯನವೂ 2014ರಲ್ಲಿ ಪ್ರಕಟವಾದ, 947 ರೋಗಿಗಳನ್ನು ಸೇರಿಸಿಕೊಂಡ ಕೋರಲ್ ಅಧ್ಯಯನವೂ ಆ ನಂಬಿಕೆಯನ್ನು ಅಲುಗಿಸಿದವು. ಪ್ಲಾಕಿನಿಂದ ನಾಳ ಕಿರಿದಾದ ರೋಗಿಗಳಲ್ಲಿ, ಒಳ್ಳೆಯ ಔಷಧ ಚಿಕಿತ್ಸೆಯ ಮೇಲೆ ಸ್ಟೆಂಟನ್ನೂ ಹಾಕಿದಾಗ, ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡದ ವೈಫಲ್ಯ ಅಥವಾ ಸಾವು ಒಟ್ಟಾರೆಯಾಗಿ ಕಡಿಮೆಯಾಗಲಿಲ್ಲ. ಇದರರ್ಥ ಸ್ಟೆಂಟ್ ಯಾರಿಗೂ ಬೇಡ ಎಂದಲ್ಲ. ಪದೇಪದೇ ಶ್ವಾಸಕೋಶದಲ್ಲಿ ನೀರು ತುಂಬುವವರಿಗೆ, ಮೂತ್ರಪಿಂಡ ಕಣ್ಣೆದುರೇ ಕುಸಿಯುತ್ತಿರುವವರಿಗೆ ಅದರ ಪಾತ್ರ ಇನ್ನೂ ಇದೆ, ಅಂಥವರಲ್ಲಿ ಅನೇಕರು ಆ ಅಧ್ಯಯನಗಳಲ್ಲಿ ಸೇರಿರಲಿಲ್ಲ ಎಂಬ ಆಕ್ಷೇಪಕ್ಕೂ ತೂಕವಿದೆ. ಮಣಿಸರದ ಕಾಯಿಲೆಯಲ್ಲಂತೂ ಸ್ಟೆಂಟ್ ಇಲ್ಲದೆ ಬರಿಯ ಬಲೂನಿನಿಂದ ನಾಳ ಅಗಲಿಸಿದರೆ ಅನೇಕರ ರಕ್ತದೊತ್ತಡ ಚೆನ್ನಾಗಿ ಇಳಿಯುತ್ತದೆ. ತಕಾಯಾಸುವಿನಲ್ಲಿ ಮೊದಲು ಉರಿಯೂತ ಆರಬೇಕು, ಆಮೇಲೆ ಬಲೂನು. ಕಾರಣ ಯಾವುದೆಂಬುದು ಶೇಕಡದಷ್ಟೇ, ಬಹುಶಃ ಅದಕ್ಕಿಂತಲೂ ಮುಖ್ಯ.

ಕಿರಿದಾದ ಜಾಗದ ಆಚೆಗೂ ಈಚೆಗೂ ಒತ್ತಡ ಅಳೆಯುವ ತೆಳುತಂತಿಯಿಂದ ನಡೆಸಿದ 2006ರ ಒಂದು ಅಧ್ಯಯನದಲ್ಲಿ, ಆಚೆಯ ಒತ್ತಡ ಮಹಾಪಧಮನಿಯ ಒತ್ತಡದ ಶೇಕಡ 90ಕ್ಕಿಂತ ಕೆಳಗಿಳಿದ ಮೇಲಷ್ಟೇ ಮೂತ್ರಪಿಂಡ ರೆನಿನ್ ಅನ್ನು ಗಮನಾರ್ಹವಾಗಿ ಹೆಚ್ಚಿಸಿತು. ಚಿತ್ರದಲ್ಲಿ ಒಂದೇ ರೀತಿ ಕಾಣುವ ಎರಡು ನಾಳಗಳಲ್ಲಿ ಒಂದು ಈ ಗಡಿ ದಾಟಿರಬಹುದು, ಇನ್ನೊಂದು ದಾಟದಿರಬಹುದು. ಆದ್ದರಿಂದ ಮುಂದುವರಿದ ಸಿ.ಟಿ.ಯ ಹೆಚ್ಚು ಭರವಸೆಯ ಭಾಗ ನಾಳವನ್ನು ಇನ್ನಷ್ಟು ಸೂಕ್ಷ್ಮವಾಗಿ ತೋರಿಸುವುದರಲ್ಲಿ ಇಲ್ಲ, ನಾಳದ ಹಿಂದಿರುವ ಮೂತ್ರಪಿಂಡದ ಸ್ಥಿತಿಯನ್ನು ಓದುವುದರಲ್ಲಿ ಇದೆ ಎಂಬುದು ನನ್ನ ಅಭಿಪ್ರಾಯ. ಎರಡು ಶಕ್ತಿಯ ಸಿ.ಟಿ. ಕೊಡುವ ಅಯೋಡಿನ್ ನಕ್ಷೆಯಲ್ಲಿ ಎಡ ಮತ್ತು ಬಲ ಮೂತ್ರಪಿಂಡಗಳ ಹೊರಪದರಕ್ಕೆ ರಕ್ತ ಎಷ್ಟೆಷ್ಟು ತಲುಪಿದೆ ಎಂದು ಹೋಲಿಸಬಹುದು. ಪರ್ಫ್ಯೂಷನ್ ಸಿ.ಟಿ.ಯಲ್ಲಿ ಒಂದೇ ಜಾಗವನ್ನು ಮತ್ತೆ ಮತ್ತೆ ತೆಗೆದು ಕಾಂಟ್ರಾಸ್ಟ್ ಎಷ್ಟು ವೇಗವಾಗಿ ಬಂದು ಹೋಯಿತು ಎಂದು ಲೆಕ್ಕಹಾಕುತ್ತಾರೆ. ವಿಕಿರಣ ಹೆಚ್ಚುವುದರಿಂದ ಇದು ದಿನನಿತ್ಯದ ಪರೀಕ್ಷೆಯಾಗಿಲ್ಲ. ಸಿ.ಟಿ. ಚಿತ್ರದ ಆಧಾರದ ಮೇಲೆ ಕಂಪ್ಯೂಟರಿನಲ್ಲೇ ರಕ್ತದ ಹರಿವನ್ನು ಲೆಕ್ಕಹಾಕಿ, ತಂತಿ ತೂರಿಸದೆ ಒತ್ತಡದ ವ್ಯತ್ಯಾಸ ಹೇಳುವ ವಿಧಾನ ಹೃದಯದ ನಾಳಗಳಲ್ಲಿ ಬಳಕೆಗೆ ಬಂದಿದೆ, ಮೂತ್ರಪಿಂಡದ ನಾಳಗಳಲ್ಲಿ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಇವೆಲ್ಲಕ್ಕೂ ಮುಂಚೆ, ಯಾವ ಹೊಸ ಯಂತ್ರವೂ ಬೇಡದ, ಜಿಲ್ಲಾ ಕೇಂದ್ರದ ಸಾಮಾನ್ಯ ಸಿ.ಟಿ.ಯಲ್ಲೂ ಸಿಗುವ ಮಾಹಿತಿಯಿದೆ: ಮೂತ್ರಪಿಂಡದ ಉದ್ದ ಎಷ್ಟು, ಹೊರಪದರದ ದಪ್ಪ ಎಷ್ಟು, ಎರಡೂ ಕಡೆ ಕಾಂಟ್ರಾಸ್ಟ್ ಸಮವಾಗಿ ಏರಿದೆಯೇ. ಏಳು ಎಂಟು ಸೆಂಟಿಮೀಟರಿಗೆ ಕುಗ್ಗಿ, ಹೊರಪದರ ಕಾಗದದಂತಾದ ಮೂತ್ರಪಿಂಡಕ್ಕೆ ನಾಳ ಅಗಲಿಸಿ ಹರಿಸಿದ ರಕ್ತದಿಂದ ಹೆಚ್ಚು ಪ್ರಯೋಜನವಾಗುವ ಸಂಭವ ಕಡಿಮೆ.

ಕಾಂಟ್ರಾಸ್ಟಿನ ಬಗ್ಗೆ ಇರುವ ಭಯವನ್ನೂ ಹೇಳಬೇಕು, ಏಕೆಂದರೆ ಕಿಡ್ನಿ ಪರೀಕ್ಷೆಗೇ ಕಿಡ್ನಿಗೆ ತೊಂದರೆ ಮಾಡುವ ಔಷಧಿ ಕೊಡುತ್ತಾರೆ ಎಂಬ ಆತಂಕ ಸಹಜ. ಹಿಂದೆ ಭಾವಿಸಿದ್ದಷ್ಟು ಅಪಾಯ ಇಲ್ಲವೆಂದು ಈಗ ತಿಳಿದಿದೆ. ಮೂತ್ರಪಿಂಡದ ಸೋಸುವ ಸಾಮರ್ಥ್ಯವನ್ನು ಕ್ರಿಯಾಟಿನಿನ್ ಆಧಾರದ ಮೇಲೆ ಲೆಕ್ಕಹಾಕುವ ಇ.ಜಿ.ಎಫ್.ಆರ್. ಎಂಬ ಅಂಕಿ 30ಕ್ಕಿಂತ ಕಡಿಮೆಯಿದ್ದವರಲ್ಲಿ, ಮತ್ತು ಮೂತ್ರಪಿಂಡಕ್ಕೆ ಆಗಷ್ಟೇ ಹಠಾತ್ ಪೆಟ್ಟು ಬಿದ್ದವರಲ್ಲಿ ವಿಶೇಷ ಎಚ್ಚರಿಕೆ ಬೇಕು. ಅಂಥವರಿಗೆ ಪರೀಕ್ಷೆಗೆ ಮುಂಚೆ ಮತ್ತು ಆಮೇಲೆ ಸಲೈನ್ ಕೊಡುತ್ತಾರೆ, ಮೆಟ್‌ಫಾರ್ಮಿನ್ ಗುಳಿಗೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ. ಹಿಂದೆ ಕಾಂಟ್ರಾಸ್ಟ್ ಕೊಟ್ಟಾಗ ಮೈಮೇಲೆ ಗಂಧೆ ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಅದನ್ನು ಮರೆಯದೆ ಹೇಳಬೇಕು. ಸೀಗಡಿ ತಿಂದರೆ ಆಗುವುದಿಲ್ಲ ಎನ್ನುವವರಿಗೆ ಅಯೋಡಿನ್ ಕಾಂಟ್ರಾಸ್ಟೂ ಆಗುವುದಿಲ್ಲ ಎಂಬ ಮಾತು ಕರಾವಳಿಯಲ್ಲಿ ಮಾತ್ರವಲ್ಲ, ಆಸ್ಪತ್ರೆಗಳಲ್ಲೂ ಕೇಳಿಬರುತ್ತದೆ. ಅದು ತಪ್ಪು ತಿಳಿವಳಿಕೆ, ಸೀಗಡಿಯ ಅಲರ್ಜಿಗೆ ಕಾರಣ ಅದರ ಪ್ರೋಟೀನೇ ಹೊರತು ಅಯೋಡಿನ್ ಅಲ್ಲ. ಗರ್ಭಿಣಿಯರಿಗೆ, ಮೇಲಿಂದ ಮೇಲೆ ಪರೀಕ್ಷೆ ಬೇಕಾಗುವ ಎಳೆಯರಿಗೆ ವಿಕಿರಣವಿಲ್ಲದ ಡಾಪ್ಲರ್ ಅಲ್ಟ್ರಾಸೌಂಡ್ ಅಥವಾ ಎಂ.ಆರ್. ಮೊದಲ ಆಯ್ಕೆ. ಡಾಪ್ಲರ್ ಸ್ಕ್ಯಾನ್ ನಾಳದೊಳಗಿನ ರಕ್ತದ ವೇಗವನ್ನೇ ಅಳೆಯುತ್ತದೆ, ಅಗ್ಗವೂ ಹೌದು. ಆದರೆ ಸ್ಥೂಲಕಾಯದವರಲ್ಲಿ, ಹೊಟ್ಟೆಯಲ್ಲಿ ಗಾಳಿ ತುಂಬಿದಾಗ ನಾಳವೇ ಸಿಗುವುದಿಲ್ಲ, ಮತ್ತು ಫಲಿತಾಂಶವು ಪರೀಕ್ಷೆ ಮಾಡುವವರ ಕೈಚಳಕವನ್ನು ಬಹಳ ಅವಲಂಬಿಸುತ್ತದೆ.

ಪರೀಕ್ಷೆ ಮಾಡಿಸಿಕೊಂಡವರು ಫಿಲ್ಮನ್ನು ಮಾತ್ರ ತೆಗೆದುಕೊಂಡು ಹೊರಡುವುದು ನಮ್ಮಲ್ಲಿ ರೂಢಿ. ಫಿಲ್ಮಿನಲ್ಲಿ ಅಚ್ಚಾಗಿರುವುದು ಆಯ್ದ ಕೆಲವು ಚಿತ್ರಗಳು. ಇನ್ನೊಬ್ಬ ವೈದ್ಯರು ಅದರ ಮೇಲೆ ನಾಳವನ್ನು ಮತ್ತೆ ಅಳೆಯಲಾರರು, ಬೇರೆ ಕೋನದಿಂದ ಕೊಯ್ದು ನೋಡಲಾರರು. ತೆಳುಹೋಳುಗಳ ಪೂರ್ತಿ ದಾಖಲೆಯನ್ನು ಸಿ.ಡಿ.ಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ಪಡೆಯಬೇಕು, ವರದಿಯಲ್ಲಿ ಶೇಕಡ ಯಾವ ಲೆಕ್ಕದ್ದು, ಮೂತ್ರಪಿಂಡಗಳ ಉದ್ದ ಎಷ್ಟು, ಗೋಡೆ ದಪ್ಪವಾಗಿದೆಯೇ ಎಂಬ ಮೂರು ವಿಷಯ ಇವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು. ಎರಡು ವರ್ಷಗಳ ನಂತರ ಮತ್ತೊಂದು ಸ್ಕ್ಯಾನ್ ಆದಾಗ, ಅದೇ ಜಾಗವನ್ನು ಅದೇ ಕೋನದಿಂದ ಹೋಲಿಸಿ ನೋಡಿ ಕಾಯಿಲೆ ಮುಂದುವರಿದಿದೆಯೇ ಎಂದು ಹೇಳಲು ವೈದ್ಯರಿಗೆ ಬೇಕಾಗುವುದು ಆ ದಾಖಲೆಯೇ.